ಆಲೋವಾಕ್ಕೆ ಹೆದರಿ ಕೊಟ್ಟ ಬಯಲು

ನಮ್ಮ ಕ್ಲಾಕ್‌ಮ್ಯಾನನ್ ಕೌಂಟಿ ಇಡೀ ಸ್ಕಾಟ್ಲೆಂಡಿನಲ್ಲೇ ಚಿಕ್ಕದು. ಓಕಿಲ್ ಬೆಟ್ಟದ ಮೇಲೆ ನಿಂತು ಒಬ್ಬ ಸೀನಿದರೆ ಕೆಳಗೆ ಫೋರ್ತ್ ನದಿಯ ದಡದಲ್ಲಿರುವವನು ‘ದೇವರು ಕಾಪಾಡಲಿ’ ಎನ್ನುತ್ತಾನೆ ಎಂದು ಅಪ್ಪ ಹೇಳುತ್ತಿದ್ದರು. ಚಿಕ್ಕದಾದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಬೆಟ್ಟದ ಬುಡದುದ್ದಕ್ಕೂ ಸಾಲಾಗಿ ಕೂತ ಉಣ್ಣೆ ಗಿರಣಿಯ ಊರುಗಳು, ಊರಿಗೊಂದು ಪುರಸಭೆ, ಪುರಸಭೆಗೊಬ್ಬ ಅಧ್ಯಕ್ಷ. ಅವನನ್ನು ನಾವು ಪ್ರೊವೊಸ್ಟ್ ಎನ್ನುತ್ತೇವೆ. ಕಿಲ್‌ಟಾರ್ವಿ ಎಂಬ ನಮ್ಮೂರಿನ ಕೊನೆಯ ಪ್ರೊವೊಸ್ಟ್ ನನ್ನ ಗಂಡ ವಾಟಿ ಸ್ನಾಡನ್. ಬೆಳಗಿನ ಜಾವ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ. ಸಂಜೆ ಅಧಿಕಾರದ ಗುರುತಾದ ಬೆಳ್ಳಿಯ ಸರವನ್ನು ಕೊರಳಿಗೆ ಹಾಕಿಕೊಂಡು ಊರು ಆಳುತ್ತಿದ್ದ. ಅಂಗಡಿಯಲ್ಲಿ ನಿಂತು ರೋಲು, ಸ್ಕೋನು ಎಂಬ ಬನ್ನುಗಳನ್ನು ಮಾರುತ್ತಿದ್ದವಳು ನಾನು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನನ್ನು ಛೇಡಿಸುವುದು ನನ್ನ ನಿತ್ಯದ ಕೆಲಸವಾಗಿತ್ತು.

ಊರಿನ ಪಕ್ಕ ಬೆಟ್ಟದಿಂದ ಇಳಿಯುವ ಹಳ್ಳ. ಹಳ್ಳದ ಪಕ್ಕ ಒಂದು ಹುಲ್ಲುಬಯಲು. ಗಿರಣಿಗಳು ಬರುವುದಕ್ಕೂ ಮುಂಚಿನಿಂದ ಹೆಂಗಸರು ಅಲ್ಲಿ ಬಟ್ಟೆ ಒಣಹಾಕುತ್ತಿದ್ದಾರೆ. ಕಬ್ಬಿಣದ ಕಂಬಗಳಿವೆ, ಹಗ್ಗ ಅವರವರದು, ಕಣಿವೆಯಿಂದ ಬರುವ ಗಾಳಿ ಎಲ್ಲರದು. ಬೀದಿಗೊಂದು ದಿನ. ಮೇಲಿನ ಬೀದಿಗೆ ಸೋಮವಾರ, ಗಿರಣಿ ಸಾಲಿಗೆ ಮಂಗಳವಾರ, ನಮ್ಮ ಪೇಟೆಬೀದಿಗೆ ಗುರುವಾರ. ಭಾನುವಾರ ಒಂದು ಕರವಸ್ತ್ರ ಹಾಕಿದರೂ ಪಾಪ. ಈ ಕ್ರಮವನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಹೊಸದಾಗಿ ಬಂದ ಪೊಲೀಸನ ಹೆಂಡತಿ ಒಮ್ಮೆ ತನ್ನದಲ್ಲದ ದಿನ ಬಟ್ಟೆ ಹಾಕಿದ್ದಳು. ಸಂಜೆಗೆ ಆ ಪೊಲೀಸನ ಪ್ಯಾಂಟುಗಳು ಹಳ್ಳದಲ್ಲಿ ಈಜುತ್ತಿದ್ದವು.

ಟೀನಿ ಮೊಯರ್‌ಗೆ ಮಾತ್ರ ಸೋಮವಾರದ ಜೊತೆಗೆ ಬುಧವಾರವನ್ನೂ ಹೆಂಗಸರೇ ಬಿಟ್ಟುಕೊಟ್ಟಿದ್ದರು. ಅವಳು ವಿಧವೆ. ಹೋಟೆಲಿನ ಹಾಸಿಗೆ ಬಟ್ಟೆ, ಡಾಕ್ಟರ ಮನೆಯ ಬಟ್ಟೆ ಒಗೆದು ಬದುಕುತ್ತಿದ್ದಳು. ನನ್ನ ಜೊತೆ ಶಾಲೆಗೆ ಬಂದವಳು, ಗಿರಣಿಯಲ್ಲಿ ನನ್ನ ಪಕ್ಕದ ಮಗ್ಗದಲ್ಲಿ ನಿಂತವಳು. ನನಗೆ ಅಕ್ಕತಂಗಿಯರಿಲ್ಲ, ಅವಳಿದ್ದುದರಿಂದ ಆ ಕೊರತೆ ಯಾವತ್ತೂ ಕಾಣಲಿಲ್ಲ.

ಹೀಗಿರುವಾಗ ಲಂಡನ್ನಿನಲ್ಲಿ ಕಾನೂನಾಯಿತು. ಸಾವಿರದ ಒಂಬೈನೂರ ಎಪ್ಪತ್ತೈದರ ಮೇ ತಿಂಗಳಿಗೆ ಸ್ಕಾಟ್ಲೆಂಡಿನ ಪುರಸಭೆಗಳೆಲ್ಲ ರದ್ದು, ಕೌಂಟಿಗಳೂ ರದ್ದು. ರಸ್ತೆ, ಶಾಲೆ, ನೀರು ಇವೆಲ್ಲ ಸ್ಟರ್ಲಿಂಗಿನಲ್ಲಿ ಕೂರುವ ದೊಡ್ಡ ಪ್ರಾಂತ್ಯಕ್ಕೆ. ಮನೆ, ಕಸ, ಊರೊಟ್ಟಿನ ಜಮೀನು ಇವೆಲ್ಲ ಆಲೋವಾದಲ್ಲಿ ಕೂರುವ ಹೊಸ ಜಿಲ್ಲಾ ಮಂಡಳಿಗೆ. ಗೆರೆ ಎಳೆಯುವುದು, ಅಳಿಸುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಪಕ್ಕದ ಆಲ್ವಾ ಊರು ನಮ್ಮ ಮಡಿಲಲ್ಲೇ ಕೂತಿದ್ದರೂ ಎಷ್ಟೋ ತಲೆಮಾರು ಸ್ಟರ್ಲಿಂಗ್ ಕೌಂಟಿಯ ಲೆಕ್ಕದಲ್ಲಿತ್ತು. ಹಾಗಾಗಿ ಸ್ಟರ್ಲಿಂಗ್ ಎಂದರೆ ಕಿಲ್‌ಟಾರ್ವಿಯವರು ಭುಜ ಕುಣಿಸಿ ಸುಮ್ಮನಾದರು. ಆಲೋವಾ ಎಂದಾಗ ಮಾತ್ರ ಮೈಯೆಲ್ಲ ಉರಿಯಿತು. ಡೆವನ್ ಹೊಳೆ ದಾಟಿದರೆ ಆಲೋವಾ. ಬಸ್ಸಿನಲ್ಲಿ ಒಂದು ಪೈಪು ಸೇದಿ ಮುಗಿಸುವಷ್ಟು ದೂರ. ಅಷ್ಟು ಹತ್ತಿರದವರನ್ನು ನಂಬುವುದು ಹೇಗೆ?

ನನ್ನ ಗಂಡನಿಗಂತೂ ಆಲೋವಾ ಒಂದು ಗೀಳಾಯಿತು.

“ಅವರಿಗೆ ಕಾರು ನಿಲ್ಲಿಸೋಕೆ ಜಾಗ ಬೇಕು,” ಎಂದ ಒಂದು ದಿನ ಸಾರಿನ ಬಟ್ಟಲ ಮುಂದೆ ಕೂತು. “ನಮ್ಮ ಬಯಲಿಗೆ ಡಾಂಬರು ಹಾಕ್ತಾರೆ ನೋಡ್ತಿರು.”

“ಯಾರು ಹೇಳಿದ್ರು?”

“ಯಾರೂ ಹೇಳ್ಬೇಕಾಗಿಲ್ಲ. ಆಲೋವಾದವರು ಅಂದ್ಮೇಲೆ ಮುಗೀತು.”

ಬೇರೆ ಊರುಗಳೂ ಅವಸರದಲ್ಲಿದ್ದವು. ಒಂದೂರಿನವರು ಇದ್ದ ಹಣವನ್ನೆಲ್ಲ ಸುರಿದು ಕ್ರೀಡಾಮನೆ ಕಟ್ಟಿದರು. ಇನ್ನೊಂದೂರಿನವರು ಗಡಿಯಾರದ ಗೋಪುರಕ್ಕೆ ಬಣ್ಣ ಬಳಿದರು. ವಾಟಿ ಅದಕ್ಕಿಂತ ಜಾಣತನದ ದಾರಿ ಹುಡುಕಿದ. ಬಯಲನ್ನು ಪುರಸಭೆಯ ಹೆಸರಿನಿಂದ ತೆಗೆದು, ಊರಿನವನೇ ಆದ ಒಬ್ಬ ಯೋಗ್ಯನ ಹೆಸರಿಗೆ ಬರೆದುಬಿಡುವುದು. ಮೇ ತಿಂಗಳಲ್ಲಿ ಆಲೋವಾದವರು ಬಂದು ನೋಡಿದರೆ ತಟ್ಟೆ ಖಾಲಿ. ಆ ಯೋಗ್ಯ ಯಾರು ಎಂದು ಅವನು ಬಹಳ ಹುಡುಕಬೇಕಾಗಲಿಲ್ಲ. ನನ್ನ ಅಣ್ಣ ಡೂಗಲ್ ಈಡಿ.

ಡೂಗಲ್ ಕಲ್ಲಿದ್ದಲ ವ್ಯಾಪಾರಿ, ಚರ್ಚಿನ ಹಿರಿಯ, ಮದುವೆಯಾಗದವನು. ಅವನು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅವನ ತೂಕದ ಮೇಲೆ ಊರಿನಲ್ಲಿ ಯಾರೂ ಮರುತೂಕ ಮಾಡಿದವರಿಲ್ಲ. ನಮ್ಮ ಅಡುಗೆಮನೆಯಲ್ಲೇ ಕೂತು ಮಾತಾಡಿದರು: ವಾಟಿ, ಡೂಗಲ್, ಪುರಸಭೆಯ ಕಾರ್ಯದರ್ಶಿ ಪ್ರಿಂಗಲ್. ನಾನು ಚಹಾ ಬಸಿಯುತ್ತಿದ್ದೆ.

“ನನಗೆ ಇದು ಸರಿ ಕಾಣ್ತಿಲ್ಲ ಪ್ರೊವೊಸ್ಟರೇ,” ಎಂದರು ಪ್ರಿಂಗಲ್. “ಊರೊಟ್ಟಿನ ಜಾಗ ಒಬ್ಬರ ಹೆಸರಿಗೆ ಹೋಗ್ಬಾರದು. ಹೋಗ್ಲೇಬೇಕು ಅಂದ್ರೆ, ಹೆಂಗಸರ ಹಕ್ಕು ಹೀಗೇ ಇರುತ್ತೆ ಅಂತ ಡೂಗಲ್ ಬರೆದುಕೊಡ್ಲಿ.”

ಡೂಗಲ್ ಚಹಾದ ಬಟ್ಟಲು ಕೆಳಗಿಟ್ಟ. ಅವನ ಕಿವಿ ಕೆಂಪಾಯಿತು.

“ಬರೆಸಿಕೊಳ್ಳೋದಾ?” ವಾಟಿ ನಕ್ಕ. “ಇವನ ಹತ್ರನಾ? ಪ್ರಿಂಗಲ್, ನೀವು ಎಡಿನ್‌ಬರೋದಲ್ಲಿ ಓದಿ ಹಾಳಾದ್ರಿ. ಕೈ ಕೊಡು ಡೂಗಲ್.”

ಡೂಗಲ್ ಕಪ್ಪು ಮಸಿ ಹತ್ತಿದ ದೊಡ್ಡ ಕೈ ಚಾಚಿದ. “ನಾನಿರೋವರೆಗೂ ಒಂದು ಕಂಬ ಅಲುಗಲ್ಲ,” ಎಂದ. ಅಲ್ಲಿಗೆ ಮುಗಿಯಿತು. ಕೈ ಕುಲುಕಿ ಮಾತು ಕೊಟ್ಟವನ ಹತ್ತಿರ ಕಾಗದ ಕೇಳುವುದೆಂದರೆ ನಮ್ಮ ಕಡೆ ಕೆನ್ನೆಗೆ ಹೊಡೆದ ಹಾಗೆ. ಪ್ರಿಂಗಲ್ ಸುಮ್ಮನೆ ಪತ್ರ ತಯಾರಿಸಿದರು. ವರ್ಷಕ್ಕೊಂದು ಪೆನ್ನಿ ಕಂದಾಯ, ಅದೂ ಕೇಳಿದರೆ ಮಾತ್ರ. ಹಳೇ ಕಾಲದಿಂದ ಬಂದ ಪದ್ಧತಿ. ಕೇಳಬೇಕಾದ ಪುರಸಭೆಯೇ ಮೇ ತಿಂಗಳಲ್ಲಿ ಸಾಯಲಿತ್ತು, ಯಾರಿಗೂ ಅದು ಹೊಳೆಯಲಿಲ್ಲ. ಸಭೆಯಲ್ಲಿ ಎಲ್ಲರೂ ಕೈಯೆತ್ತಿದರು.

ಪುರಸಭೆಯ ಕೊನೆಯ ದಿನ ಸಭಾಂಗಣದಲ್ಲಿ ಊರಿಗೆಲ್ಲ ಚಹಾ ಕೂಟ. ವಾಟಿ ಸರ ತೆಗೆದು ಮೇಜಿನ ಮೇಲಿಟ್ಟ. ಮುದುಕರು ಮೂಗು ಒರೆಸಿಕೊಂಡರು. ಆಮೇಲೆ ಅವನು ಎದೆಯುಬ್ಬಿಸಿ, ಬಯಲು ಆಲೋವಾದ ಕೈಗೆ ಸಿಗದ ಹಾಗೆ ಮಾಡಿದ್ದೇನೆ ಎಂದು ಹೇಳಿದ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಟೀನಿ ಎದ್ದಳು.

“ವಾಟಿ, ಹಾಗಾದ್ರೆ ಈಗ ಅದು ಯಾರದು?”

“ನಮ್ಮ ಡೂಗಲ್‌ದು. ಅಂದ್ರೆ ನಿಂದೇ.”

“ಡೂಗಲ್ ಆದ್ಮೇಲೆ?”

“ಡೂಗಲ್ ಆದ್ಮೇಲಾ? ಏ ಟೀನಿ, ಅವನನ್ನ ನೋಡು. ಎತ್ತಿನ ಹಾಗಿದಾನೆ. ನಮ್ಮನ್ನೆಲ್ಲ ಹೂತು ಬಂದು, ಮೇಲೆ ಒಂದು ಗ್ಲಾಸು ವಿಸ್ಕಿ ಕುಡಿಯೋನು ಅವನು. ನಿನ್ನ ಹಾಸಿಗೆ ಬಟ್ಟೆಗಿಂತ ಗಟ್ಟಿ. ಕೂತ್ಕೊ.”

ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಟೀನಿಯ ಮುಖ ಕೆಂಪಾಯಿತು, ಕೂತುಬಿಟ್ಟಳು. ಅವಳು ಕೇಳಿದ್ದು ಆ ಸಭಾಂಗಣದಲ್ಲಿ ಆವತ್ತು ಹುಟ್ಟಿದ ಒಂದೇ ಒಂದು ಬುದ್ಧಿವಂತ ಮಾತು.

ಅಕ್ಟೋಬರಿನಲ್ಲಿ ಡೂಗಲ್ ಸತ್ತ. ಶಾಲಾ ಮಾಸ್ತರರ ಮನೆಗೆ ಕಲ್ಲಿದ್ದಲ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದವನು ಅಲ್ಲೇ ಕೂತ, ಮತ್ತೆ ಏಳಲಿಲ್ಲ. ಅಣ್ಣನಿಗಾಗಿ ಅಳುವುದರಲ್ಲಿ ನನಗೆ ಬಯಲಿನ ನೆನಪೂ ಇರಲಿಲ್ಲ. ವಾಟಿಗಿತ್ತು. ಹೂಳುವಾಗ ಶವಪೆಟ್ಟಿಗೆ ಇಳಿಸುವ ಹಗ್ಗ ಹಿಡಿದು ನಿಂತ ಅವನ ಮುಖ ಬಿಳುಚಿಕೊಂಡಿತ್ತು. ಭಾವನ ಮೇಲಿನ ಪ್ರೀತಿ ಎಂದುಕೊಂಡೆ.

ವಕೀಲರ ಕಚೇರಿಯಲ್ಲಿ ಗೊತ್ತಾಯಿತು. ಡೂಗಲ್ ಉಯಿಲು ಬರೆದಿರಲಿಲ್ಲ. ಹೆಂಡತಿ ಮಕ್ಕಳಿಲ್ಲ, ಅಪ್ಪ ಅಮ್ಮ ಇಲ್ಲ. ಅವನದೆಲ್ಲ ಒಡಹುಟ್ಟಿದವಳಿಗೆ. ಲಾರಿ, ತಕ್ಕಡಿ, ಎರಡು ಕೋಣೆಯ ಮನೆ, ಮತ್ತು ಕಿಲ್‌ಟಾರ್ವಿಯ ಬಯಲು. ಅಂದರೆ ಪ್ರೊವೊಸ್ಟ್ ಊರಿನ ಜಮೀನನ್ನು ಭಾವನಿಗೆ ಕೊಟ್ಟ. ಐದು ತಿಂಗಳಲ್ಲಿ ಅದು ಪ್ರೊವೊಸ್ಟನ ಹೆಂಡತಿಯ ಕೈಗೆ ಬಂತು. ನನಗೇ ಹೀಗೆ ಕಂಡಿತು ಎಂದಮೇಲೆ ಊರಿಗೆ ಹೇಗೆ ಕಂಡೀತು?

ಮನೆಗೆ ಬರುವ ದಾರಿಯಲ್ಲಿ ವಾಟಿ ಹೇಳಿದ. “ಮಾರ್ಗೆಟ್, ಸದ್ಯಕ್ಕೆ ಯಾರಿಗೂ ಹೇಳ್ಬೇಡ. ಏನಾದ್ರೂ ದಾರಿ ಹುಡುಕ್ತೀನಿ.”

“ಹೇಳಿಬಿಡೋಣ ಕಣೋ. ಇವತ್ತೇ ಹೇಳಿಬಿಡೋಣ. ಟೀನಿಗಾದ್ರೂ ಹೇಳೋಣ.”

“ಅವಳಿಗಾ?” ಎಂದ. “ಅವಳ ಮುಖಕ್ಕೆ ಹ್ಯಾಗೆ ಹೇಳ್ಲಿ? ಆವತ್ತು ಅವಳನ್ನ ನೋಡಿ ಊರೆಲ್ಲ ನಗೋ ಹಾಗೆ ಮಾಡಿದೀನಿ.”

ನಾನು ಒಪ್ಪಿದೆ. ಒಪ್ಪಬಾರದಿತ್ತು. ಆ ವಾರಗಳಲ್ಲಿ ಗುರುವಾರ ಗುರುವಾರ ಬುಟ್ಟಿ ಹೊತ್ತು ಬಯಲಿಗೆ ಹೋದೆ, ಹೆಂಗಸರ ನಡುವೆ ನಿಂತು ಹರಟಿದೆ, ಕಾಲ ಕೆಳಗಿನ ಹುಲ್ಲು ಬಿಸಿ ಕಾವಲಿಯ ಹಾಗೆ ಸುಡುತ್ತಿತ್ತು. ವಾಟಿಯಂತೂ ಇಳಿದುಹೋದ. ಚರ್ಚಿನಲ್ಲಿ ಪಾದ್ರಿಗಳು ದುರಾಸೆಯ ಮೇಲೆ ಉಪದೇಶ ಶುರು ಮಾಡಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಾಲರು ಸಡಿಲಿಸಿ ಅತ್ತಿತ್ತ ನೋಡುತ್ತಿದ್ದ. ಪಾದ್ರಿಗಳು ವರ್ಷಕ್ಕೆರಡು ಸಲ ಅದೇ ಉಪದೇಶ ಮಾಡುವವರು.

ಹೇಳದೆ ಇಟ್ಟ ಸುದ್ದಿ ನಮ್ಮೂರಿನಲ್ಲಿ ಬೇಗ ಹುಳಿಯುತ್ತದೆ. ವಕೀಲರ ಕಚೇರಿಯಲ್ಲಿ ಟೈಪು ಮಾಡುವ ಹುಡುಗಿಯ ಅತ್ತೆ ಗಿರಣಿ ಸಾಲಿನವಳು. ಒಂದು ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಗಿರಾಕಿಗಳ ಸಾಲು ಎಂದಿನಂತೆಯೇ ಇತ್ತು, ಸದ್ದು ಮಾತ್ರ ಇರಲಿಲ್ಲ.

“ಆರು ರೋಲು, ಮಿಸೆಸ್ ಸ್ನಾಡನ್.”

ಹುಟ್ಟಿದಾಗಿನಿಂದ ಮಾರ್ಗೆಟ್ ಎಂದು ಕರೆದವರು ಮಿಸೆಸ್ ಸ್ನಾಡನ್ ಅಂದರು. ಕೊನೆಯಲ್ಲಿ ನಿಂತಿದ್ದ ಗಿರಣಿ ಸಾಲಿನ ಬೆಲ್ ಮಾತ್ರ ಬಾಯಿ ಬಿಟ್ಟಳು. ಅವಳಿಗೆ ಬಾಯಿ ಮುಚ್ಚಿದರೆ ತಲೆನೋವು.

“ಬೇಲಿನೇ ಎದ್ದು ಹೊಲ ಮೇಯ್ತಂತೆ, ಹೌದಾ? ಬಾಡಿಗೆ ಎಷ್ಟಿಡ್ತೀರಿ? ಒಳಗಿನ ಬಟ್ಟೆಗೊಂದು ರೇಟು, ಹೊರಗಿನ ಬಟ್ಟೆಗೊಂದು ರೇಟಾ?”

“ಬೆಲ್, ಹಾಗಲ್ಲ ಕಣೇ. ನಮಗೆ ಗೊತ್ತೇ ಇರ್ಲಿಲ್ಲ.”

“ಯಾವಾಗ ಗೊತ್ತಾಯ್ತು?”

ಗೊತ್ತಾದದ್ದು ಅಕ್ಟೋಬರಿನಲ್ಲಿ; ನಾನು ಬಗ್ಗಿ ಅವಳ ರೋಲು ಎಣಿಸತೊಡಗಿದೆ. ಆಗ ಡಿಸೆಂಬರು. ಒಳಗಿನ ಒಲೆಯ ಹತ್ತಿರ ನಿಂತಿದ್ದ ವಾಟಿ ಎಲ್ಲ ಕೇಳಿಸಿಕೊಂಡ. ಹೊರಗೆ ಬಂದು ಬೆಲ್‌ನ ಚೀಲಕ್ಕೆ ಇನ್ನೊಂದು ರೋಲು ಹಾಕಿದ. ಅವಳು ಅದನ್ನು ತೆಗೆದು ಮೇಜಿನ ಮೇಲಿಟ್ಟು ಹೋದಳು.

ಸೋಮವಾರ ಬಯಲು ಖಾಲಿ. ಒಳ್ಳೆಯ ಬಿಸಿಲು, ಒಳ್ಳೆಯ ಗಾಳಿ, ಆದರೆ ಕಂಬಗಳ ನಡುವೆ ಒಂದು ಕಾಲುಚೀಲವೂ ಇಲ್ಲ. ಮಂಗಳವಾರವೂ ಇಲ್ಲ. ಯಾರೂ ಬರಬೇಡಿ ಎಂದಿರಲಿಲ್ಲ, ಯಾರೂ ಜಗಳ ಮಾಡಿರಲಿಲ್ಲ. ಹೆಂಗಸರು ಹಿತ್ತಿಲಿನಲ್ಲಿ, ಮೆಟ್ಟಿಲ ಕಟಕಟೆಯ ಮೇಲೆ, ಅಡುಗೆಮನೆಯಲ್ಲಿ ಬಟ್ಟೆ ಹಾಕಿಕೊಂಡರು. ಹಿತ್ತಿಲಿದ್ದವರು ಹೇಗೋ ನಿಭಾಯಿಸಿದರು. ಟೀನಿಗೆ ಹಿತ್ತಿಲೂ ಇರಲಿಲ್ಲ.

ಬುಧವಾರ ನಾನು ಅವಳ ಮನೆಗೆ ಹೋದೆ. ಬಾಗಿಲು ತೆಗೆದಳು, ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳ ಒಂದೇ ಕೋಣೆಯ ತುಂಬ ಹೋಟೆಲಿನ ಹಾಸಿಗೆ ಬಟ್ಟೆ ತೂಗುಬಿದ್ದಿತ್ತು. ಗೋಡೆಗಳಲ್ಲಿ ನೀರು ಇಳಿಯುತ್ತಿತ್ತು. ಬಗ್ಗಿಕೊಂಡೇ ಒಳಗೆ ಹೋದೆ. ಒಲೆಯ ಹೊಗೆ ಬಟ್ಟೆಗೆ ಹಿಡಿಯುತ್ತಿದೆ ಎಂದು ಹೋಟೆಲಿನವರು ಆಗಲೇ ಗೊಣಗಿದ್ದರಂತೆ. ಟೀನಿ ಮಾತಿನ ನಡುನಡುವೆ ಕೆಮ್ಮುತ್ತಿದ್ದಳು.

“ಟೀನಿ, ಬಯಲಿಗೆ ಹಾಕೇ. ನಿನ್ನ ದಮ್ಮಯ್ಯ. ಅದು ನನ್ನ ಹೆಸರಲ್ಲಿದ್ರೆ ಏನಾಯ್ತು? ನಾನು ಬೇಡ ಅಂತೀನಾ? ಎಷ್ಟು ದಿನ ಬೇಕಾದ್ರೂ ಹಾಕು. ವಾರ ಪೂರ್ತಿ ಹಾಕು.”

ಅವಳು ದಿಂಬಿನ ಚೀಲವೊಂದನ್ನು ಹಿಂಡುತ್ತಿದ್ದಳು. ಹಿಂಡಿ ಮುಗಿಸಿ ಹೇಳಿದಳು.

“ನೋಡು, ನೀನೇ ಹೇಳ್ತಾ ಇದೀಯ. ಹಾಕು ಅಂತ. ನಮ್ಮಮ್ಮ ಹಾಕಿದ್ಲು, ಅಜ್ಜಿ ಹಾಕಿದ್ಲು. ಅವರಿಗೆ ಯಾರಾದ್ರೂ ಹಾಕು ಅಂದಿದ್ರಾ? ನಂಗೂ ಇಲ್ಲೀವರೆಗೆ ಯಾರೂ ಅಂದಿರ್ಲಿಲ್ಲ ಮಾರ್ಗೆಟ್. ಮೊನ್ನೆವರೆಗೂ ನಾನು ಯಾರ ಅಪ್ಪಣೆನೂ ಕೇಳ್ಬೇಕಾಗಿರ್ಲಿಲ್ಲ.”

“ನಾನು ಅಪ್ಪಣೆ ಕೊಡ್ತಿಲ್ಲ ಕಣೇ...”

“ಕೊಡ್ತಾ ಇದೀಯ. ಒಳ್ಳೆ ಮನಸ್ಸಿಂದಾನೇ ಕೊಡ್ತಾ ಇದೀಯ. ಅದೇ ನಂಗೆ ತಡ್ಕೊಳ್ಳೋಕಾಗ್ತಿಲ್ಲ.”

ನನಗೆ ಸಿಟ್ಟು ಬಂತು. ಇಷ್ಟು ಸ್ವಾಭಿಮಾನ ಇಟ್ಟುಕೊಂಡು ಕೆಮ್ಮಿ ಸಾಯಿ ಎಂದು ಬೈಯಬೇಕೆನಿಸಿತು. ಬೈಯಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ನಿಜವಾಗಿತ್ತು. ಸಿಟ್ಟೆಲ್ಲ ಹೊತ್ತುಕೊಂಡು ಮನೆಗೆ ಬಂದು ವಾಟಿಯ ಮೇಲೆ ಸುರಿದೆ. ಅವಳು ಅಂದದ್ದನ್ನು ಅಕ್ಷರ ಬಿಡದೆ ಹೇಳಿದೆ. ಕೆಮ್ಮನ್ನೂ ಹೇಳಿದೆ.

ಮಾತಿಗೆ ಮಾತು ಕೊಟ್ಟು ಊರು ಆಳಿದ ಮನುಷ್ಯ ಹಿಟ್ಟಿನ ತೊಟ್ಟಿಯ ಅಂಚು ಹಿಡಿದು ನಿಂತುಬಿಟ್ಟ.

“ಅವಳು ಕೇಳಿದ್ಲು,” ಎಂದ. “ಡೂಗಲ್ ಆದ್ಮೇಲೆ ಅಂತ ಕೇಳಿದ್ಲು. ನಂಗೆ ಉತ್ತರ ಗೊತ್ತಿರ್ಲಿಲ್ಲ ಮಾರ್ಗೆಟ್. ಅದಕ್ಕೇ ನಗಿಸಿದೆ.”

ಆ ಚಳಿಗಾಲ ಅವನು ನಿದ್ದೆ ಮಾಡಿದ್ದು ನಾನು ಕಾಣೆ. ರೋಲುಗಳು ಒಂದು ದಿನ ಕರಕಲು, ಇನ್ನೊಂದು ದಿನ ಹಸಿ. ವಾಪಸು ಕೊಡೋಣ ಎಂದರೆ ತೆಗೆದುಕೊಳ್ಳಲು ಪುರಸಭೆಯಿಲ್ಲ; ಸಭಾಂಗಣದ ಬೀಗದ ಕೈಯೇ ಊರಲ್ಲಿರಲಿಲ್ಲ. ಹೆಂಗಸರ ಹೆಸರಿಗೆಲ್ಲ ಬರೆದುಕೊಡೋಣ ಎಂದರೆ, ಯಾರ ಹೆಸರು ಬಿಡುವುದು, ಯಾರದು ಸೇರಿಸುವುದು ಎಂದು ಪ್ರಿಂಗಲ್ ಕೇಳಿದರು. ಇನ್ನು ಹುಟ್ಟಲಿರುವವರನ್ನು ಹೇಗೆ ಬರೆಯುತ್ತೀರಿ ಎಂದೂ ಕೇಳಿದರು. ‘ನಾನು ಆಗಲೇ ಹೇಳಿದ್ದೆ’ ಎನ್ನಲಿಲ್ಲ. ಅಂದಿದ್ದರೆ ವಾಟಿಗೆ ಸ್ವಲ್ಪ ಹಗುರವಾಗುತ್ತಿತ್ತು. ಕೊನೆಗೆ ಉಳಿದದ್ದು ಒಂದೇ ಬಾಗಿಲು, ಅದು ಡೆವನ್ ಹೊಳೆಯಾಚೆ ಇತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಇಬ್ಬರೂ ಭಾನುವಾರದ ಉಡುಪು ಹಾಕಿಕೊಂಡು ಆಲೋವಾ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತಿದ್ದ. ಹೊಳೆ ದಾಟುವಾಗ, “ಅವರ ಮುಂದೆ ಹೋಗಿ ಬೇಡ್ಕೊಳ್ಳೋ ಹಾಗಾಯ್ತಲ್ಲ,” ಎಂದ. ಮಾಡಿದ್ದುಣ್ಣೋ ಮಹರಾಯ ಎನ್ನಬೇಕೆನಿಸಿತು. ಅವನ ಕೈ ನೋಡಿ ಸುಮ್ಮನಾದೆ. ಟೋಪಿಯ ಅಂಚು ಕಿತ್ತುಬರುವ ಹಾಗೆ ಹಿಡಿದಿದ್ದ.

ಜಿಲ್ಲಾ ಮಂಡಳಿಯ ಕಚೇರಿಯಲ್ಲಿ ನಮ್ಮನ್ನು ಕೂರಿಸಿದ್ದು ಮಿಸ್ ಓರ್ ಎಂಬ ಎಳೆಯ ಹೆಣ್ಣುಮಗಳು. ಚಹಾ ತರಿಸಿದಳು. ಬಯಲನ್ನು ಮಂಡಳಿಯೇ ತೆಗೆದುಕೊಳ್ಳಬೇಕು ಎಂದು ವಾಟಿ ಕೇಳಿದ. ಅವಳು ಕೇಳಿಸಿಕೊಂಡು ಗೋಡೆಯ ಮೇಲಿನ ನಕ್ಷೆ ತೋರಿಸಿದಳು. ಬೆಟ್ಟದ ಬುಡದ ಊರುಗಳೆಲ್ಲ ಇದ್ದವು. ಒಂದೊಂದರ ಪಕ್ಕವೂ ಹಸಿರು ಬಳಿದ ಒಂದು ಚೂರು. ಕಿಲ್‌ಟಾರ್ವಿಯ ಪಕ್ಕ ಮಾತ್ರ ಬಿಳಿ.

“ಇವೆಲ್ಲ ಬಟ್ಟೆ ಒಣಹಾಕೋ ಜಾಗಗಳು ಸಾರ್. ಮೊದಲನೇ ಸಭೆಯಲ್ಲೇ ಇವನ್ನೆಲ್ಲ ಇದ್ದ ಹಾಗೇ ಬಿಡೋದು ಅಂತ ತೀರ್ಮಾನ ಆಯ್ತು. ಯಾರೂ ಚರ್ಚೆ ಕೂಡ ಮಾಡ್ಲಿಲ್ಲ. ನಿಮ್ಮೂರಿಂದು ಮಾತ್ರ ಖಾಸಗಿ ಅಂತ ಬಂತು. ನಮಗೂ ಆಶ್ಚರ್ಯವಾಯ್ತು.”

“ಕಾರು ನಿಲ್ಲಿಸೋಕೆ...” ವಾಟಿ ನಕ್ಷೆಯ ಕಡೆ ಬೆರಳು ತೋರಿಸಿದ. “ಕಾರು ನಿಲ್ಲಿಸೋಕೆ ಅಂತ ತಗೊಳ್ಳೋ ಯೋಚನೆ ಇರ್ಲಿಲ್ವಾ?”

“ಬಯಲನ್ನಾ? ಇಲ್ಲಪ್ಪ. ನಮ್ಮೂರು ಟಿಲಿಕೂಟ್ರಿಯಲ್ಲಿ ನಮ್ಮಮ್ಮನೇ ಬಯಲಲ್ಲಿ ಬಟ್ಟೆ ಹಾಕೋದು. ಅದನ್ನ ಮುಟ್ಟಿದ್ರೆ ನಂಗೆ ಮನೇಲಿ ಊಟ ಸಿಗಲ್ಲ.” ನಕ್ಕಳು. ಆಮೇಲೆ ಸಹಜವಾಗಿ ಕೇಳಿದಳು, “ಅದ್ಸರಿ, ನೀವು ಯಾಕೆ ಅದನ್ನ ಕೊಟ್ಟುಬಿಟ್ರಿ?”

“ನಿಮಗೆ ಹೆದರಿ,” ಎಂದ ವಾಟಿ.

ತಮಾಷೆ ಎಂದುಕೊಂಡು ಅವಳು ಮತ್ತೆ ನಕ್ಕಳು. ಅವನ ಮುಖ ನೋಡಿ ನಿಲ್ಲಿಸಿದಳು. ನಾನು ಅವನ ಕಡೆ ನೋಡಲಿಲ್ಲ. ಕಳ್ಳರೇ ಇಲ್ಲದ ದಾರಿಯಲ್ಲಿ ಕಳ್ಳರಿಗೆ ಹೆದರಿ ಗಂಟನ್ನು ಹಳ್ಳಕ್ಕೆ ಎಸೆದವನ ಪಕ್ಕದಲ್ಲಿ ಕೂತಿದ್ದೆ. ಅವನು ಸುಮ್ಮನಿದ್ದಿದ್ದರೆ, ಬರೀ ಸುಮ್ಮನಿದ್ದಿದ್ದರೆ, ಟೀನಿಯ ಬಟ್ಟೆ ಆ ಚಳಿಗಾಲವೆಲ್ಲ ಗಾಳಿಯಲ್ಲಿ ಹಾರಾಡುತ್ತಿರುತ್ತಿತ್ತು.

ಕಾಗದಗಳಾದವು, ನಾನು ಸಹಿ ಹಾಕಿದೆ. ಈಸ್ಟರ್ ಕಳೆದ ಮೇಲೆ ಆಲೋವಾದಿಂದ ಲಾರಿಯಲ್ಲಿ ಇಬ್ಬರು ಬಂದು ಬಯಲಿನ ಮೂಲೆಯಲ್ಲಿ ಒಂದು ಬೋರ್ಡು ನೆಟ್ಟರು. ಬೇರೆ ಊರುಗಳ ಬಯಲಿಗೆ ಬೋರ್ಡು ಬಂದಿರಲಿಲ್ಲ. ನಮ್ಮದು ಕೊಟ್ಟು ತೆಗೆದುಕೊಂಡ ಜಮೀನಾದ್ದರಿಂದ ನಿಯಮದ ಪ್ರಕಾರ ಬೇಕಾಯಿತಂತೆ. ‘ಜಿಲ್ಲಾ ಮಂಡಳಿಯ ಅನುಮತಿಯ ಮೇರೆಗೆ ಸಾರ್ವಜನಿಕರು ಇಲ್ಲಿ ಬಟ್ಟೆ ಒಣಹಾಕಬಹುದು’ ಎಂದು ಅದರ ಮೇಲೆ ಬರೆದಿತ್ತು. ಅಪ್ಪಣೆ ಎಂಬ ಮಾತು ಬೇಡವೆಂದಲ್ಲವೇ ಟೀನಿ ಇಷ್ಟು ದಿನ ಹೊಗೆ ಕುಡಿದದ್ದು?

ಸೋಮವಾರ ವಾಟಿ ಒಲೆ ಆರಿಸಿ ಬೇಗ ಹೊರಟ. ನಾನೂ ಹಿಂದೆಯೇ ಹೋದೆ. ಬಯಲಿನ ಗೋಡೆಯ ಹತ್ತಿರ ನಿಂತೆವು. ಸ್ವಲ್ಪ ಹೊತ್ತಿಗೆ ಮೇಲಿನ ಬೀದಿಯಿಂದ ಟೀನಿ ಬುಟ್ಟಿ ಹೊತ್ತು ಇಳಿದಳು. ಚಳಿಗಾಲದಲ್ಲಿ ಸಣ್ಣಗಾಗಿದ್ದಳು. ಬೋರ್ಡಿನ ಮುಂದೆ ನಿಂತು ಪೂರ್ತಿ ಓದಿದಳು. ಆಮೇಲೆ ಅವಳು ಹಗ್ಗ ಬಿಚ್ಚಿ ಕಂಬದಿಂದ ಕಂಬಕ್ಕೆ ಕಟ್ಟಿ, ಮೊದಲ ಹಾಸಿಗೆ ಬಟ್ಟೆಯನ್ನು ಜಾಡಿಸಿ ಹಾಕಿದಳು. ಗಾಳಿ ಅದನ್ನು ತುಂಬಿತು.

ವಾಟಿ ತಲೆಯ ಟೋಪಿ ತೆಗೆದು ಅವಳ ಹತ್ತಿರ ಹೋದ.

“ಟೀನಿ, ನನ್ನ ತಪ್ಪಾಯ್ತು. ಆವತ್ತು ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ನಿನ್ನನ್ನೇ ನಗೆಪಾಟಲು ಮಾಡಿದೆ. ಅದು ಎಲ್ಲಕ್ಕಿಂತ ದೊಡ್ಡ ತಪ್ಪು.”

“ಹೌದು, ಅದು ದೊಡ್ಡದೇ,” ಎಂದಳು ಟೀನಿ, ಬಾಯಲ್ಲಿದ್ದ ಮರದ ಕ್ಲಿಪ್ಪು ತೆಗೆದು.

ಅವನು ಹೋಗಬಹುದಿತ್ತು. ಹೋಗಲಿಲ್ಲ. “ಒಂದು ಮಾತು ಕೇಳ್ಲಾ? ಮಾರ್ಗೆಟ್ ಹಾಕು ಅಂದಾಗ ಬೇಡ ಅಂದೆ. ಈಗ ಇಲ್ಲೂ ಅಪ್ಪಣೆ ಅಂತಾನೇ ಬರೆದಿದಾರೆ. ಆಲೋವಾದವರು ಕೊಟ್ರೆ ತಗೋತೀಯ, ನಾವು ಕೊಟ್ರೆ ಬೇಡ್ವಾ?”

ಟೀನಿ ಇನ್ನೊಂದು ಬಟ್ಟೆ ಎತ್ತಿಕೊಂಡಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಸಿಟ್ಟಿದ್ದಿದ್ದರೆ ಚೆನ್ನಾಗಿರುತ್ತಿತ್ತು.

“ಆಲೋವಾದವರು ಯಾರು ಅಂತ ನಂಗೆ ಗೊತ್ತಿಲ್ಲ ವಾಟಿ. ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ. ಅವರಿಂದ ತಗೊಂಡ್ರೆ ನಾನೇನೂ ಸಣ್ಣವಳಾಗಲ್ಲ. ನಿಮ್ಮ ಹತ್ರ ತಗೊಂಡಿದ್ರೆ ದಿನಾ ಬೆಳಿಗ್ಗೆ ರೋಲಿಗೆ ಬಂದಾಗ್ಲೂ ತಲೆ ತಗ್ಗಿಸಿ ನಿಲ್ಬೇಕಾಗಿತ್ತು. ನೀನು ಹೆದರ್ತಿದ್ದ ಜನ ನಂಗೆ ಇದುವರೆಗೆ ಏನೂ ಮಾಡಿಲ್ಲ. ನೀನು ನಮ್ಮವನು.”

ಅಷ್ಟು ಹೇಳಿ ಅವಳು ಹಗ್ಗದುದ್ದಕ್ಕೂ ಮುಂದೆ ಹೋದಳು. ನನ್ನ ಕಡೆ ತಿರುಗಿ, “ಗುರುವಾರ ನಿಂದು ಅಲ್ವೇನೇ? ಮರೀಬೇಡ,” ಎಂದಳು. ನನಗೆ ಅಳು ಬಂತು, ಅಲ್ಲೇ ಗೋಡೆಗೆ ಒರಗಿ ಅತ್ತೆ.

ಗುರುವಾರ ಬಟ್ಟೆ ಒಗೆದು ಬುಟ್ಟಿಗೆ ತುಂಬಿದೆ. ಹೊರಡುವಾಗ ವಾಟಿ ಬೇಕರಿಯಿಂದ ಒಳಗೆ ಬಂದ. ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತನ್ನ ಅಂಗಿಗಳನ್ನು, ಹಿಟ್ಟಿನ ಏಪ್ರನ್ನುಗಳನ್ನು, ಕಾಲುಚೀಲಗಳನ್ನು ಒಂದೊಂದಾಗಿ ಹೊರಗೆ ತೆಗೆದ. ನನ್ನವನ್ನು ಅಲ್ಲೇ ಬಿಟ್ಟ.

“ಏನೋ ಇದು?” ಎಂದೆ.

“ನೀನು ಹೋಗು. ನಿನ್ನನ್ನ ಕರೆದ್ಲು. ನನ್ನ ಕರೀಲಿಲ್ಲ.”

“ಬಟ್ಟೆಗೂ ಅದಕ್ಕೂ ಏನೋ? ತಲೆ ಕೆಟ್ಟಿದೆಯಾ ನಿಂಗೆ?”

ಅವನು ಒದ್ದೆ ಅಂಗಿಗಳನ್ನು ಎದೆಗೆ ಅವಚಿಕೊಂಡು ಎದ್ದು, ಬೇಕರಿಯ ಒಲೆಯ ಮುಂದೆ ಹಗ್ಗ ಕಟ್ಟಿ ಹಾಕಿದ. ಬೈದೆ, ಬೇಡಿಕೊಂಡೆ, ಟೀನಿಯಿಂದಲೇ ಒಮ್ಮೆ ಹೇಳಿಸಿದೆ. ಹೂಂ ಅಂದ, ಕೇಳಲಿಲ್ಲ. ಅವನು ಬದುಕಿದ್ದಷ್ಟು ಕಾಲ ಅವನ ಬಟ್ಟೆ ಒಣಗಿದ್ದು ಆ ಒಲೆಯ ಮುಂದೆಯೇ.